ಕಾರಿನ ನೆತ್ತಿಗೆ ದೀಪ ಕಟ್ಟಿದ್ದು

ಕಾರಿನ ಮಾಡಿನ ಮೇಲೆ ಎಲ್‌ಇಡಿ ಬಾರ್ ಲೈಟ್ ಕೂರಿಸುವುದು ಮಹಾ ಕೆಲಸವೇನಲ್ಲ ಎಂದೇ ನಾನು ನಂಬಿದ್ದೆ. ಎರಡು ಕಾಲು, ಒಂದು ಅಡ್ಡಪಟ್ಟಿ, ನಾಲ್ಕು ಬೋಲ್ಟು. ಸಾಗರದ ಕಾಲೇಜೊಂದರಲ್ಲಿ ವರ್ಷಗಟ್ಟಲೆ ರಾಜ್ಯಶಾಸ್ತ್ರ ಬೋಧಿಸಿ, ಸಂವಿಧಾನವನ್ನೇ ವಿಧಿ ವಿಧಿಯಾಗಿ ಬಿಡಿಸಿ ಹೇಳಿದವಳಿಗೆ ನಾಲ್ಕು ಬೋಲ್ಟು ಯಾವ ಲೆಕ್ಕ!

ತೊಡಕಿದ್ದದ್ದು ಬೋಲ್ಟಿನಲ್ಲಲ್ಲ, ನೀತಿಯಲ್ಲಿ. ನಮ್ಮ ಊರಿನಲ್ಲಿ ಕಣ್ಣು ಕುಕ್ಕುವ ದೀಪಗಳ ವಿರುದ್ಧ ಹೋರಾಡುವ ನಾಗರಿಕ ವೇದಿಕೆಯೊಂದಿದೆ. ಅದರ ಸಂಚಾಲಕಿ ನಾನೇ. ಬಸ್ ನಿಲ್ದಾಣದ ಎದುರು ಮಳೆಯಲ್ಲಿ ನಿಂತು, "ಇದು ಬೆಳಕಲ್ಲ, ಬೆಳಕಿನ ದಬ್ಬಾಳಿಕೆ!" ಎಂದು ಧ್ವನಿವರ್ಧಕದಲ್ಲಿ ಖಂಡಿಸಿದವಳೂ ನಾನೇ. ಅಂಥವಳು ಸ್ವಂತ ಗಾಡಿಯ ನೆತ್ತಿಗೆ ಅದೇ ದಬ್ಬಾಳಿಕೆಯನ್ನು ಬೋಲ್ಟು ಹಾಕಿ ಬಿಗಿಯಲು ಹೊರಟದ್ದಕ್ಕೆ ಘನವಾದ ಕಾರಣವಿತ್ತು.

ನನ್ನ ತಂಗಿಯ ಮಗಳು ಚೈತ್ರಾ ತೀರ್ಥಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ಅಲ್ಲಿಯೇ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪ್ರಕಾಶನನ್ನು ಮೆಚ್ಚಿದಳು. ಜಾತಿ ಬೇರೆ. ತೀರ್ಥಹಳ್ಳಿಯ ನೋಂದಣಿ ಕಚೇರಿಯಲ್ಲೇ ಸರಳ ವಿವಾಹವೆಂದು ಇಬ್ಬರೂ ತೀರ್ಮಾನಿಸಿದರು. ನಾನಂತೂ ಹಿಗ್ಗಿಹೋದೆ. ನೋಟಿಸಿನ ಅವಧಿ ಮುಗಿಯಿತು, ದಿನ ಗೊತ್ತಾಯಿತು, ಬೇಕಾದ ಮೂವರು ಸಾಕ್ಷಿಗಳಲ್ಲಿ ಒಬ್ಬಳು ನಾನೆಂದೂ ಆಯಿತು. ಸಹಿಯ ಬಳಿಕ ಮಾಡಬೇಕಾದ ಭಾಷಣವೂ ಸಿದ್ಧವಾಯಿತು. ಆಗ ಜೋಗದಿಂದ ಪ್ರಕಾಶನ ತಾಯಿ ಸಾವಿತ್ರಮ್ಮನವರ ಫೋನು ಬಂತು.

"ನಂಗೆಂತ ಬೇಜಾರಿಲ್ಲ ಮೇಡಮ್ಮ. ಆದ್ರೆ ಮಳೆಗಾಲ ನೋಡಿ. ಹೊಸನಗರದ ಕಡೆ ಮಂಜು ಇಳಿದ್ರೆ ಮುಂದಿನ ಗಾಡಿ ಕಾಣದಿಲ್ಲ. ಆ ದಾರೀಲಿ ನಾ ಬರದಿಲ್ಲ. ಅವ್ರವ್ರೇ ಸಹಿ ಹಾಕ್ಕಳ್ಲಿ."

ಸಾವಿತ್ರಮ್ಮ ಗಂಡ ತೀರಿಕೊಂಡ ಮೇಲೆ ಜೋಗದ ವಿದ್ಯುದಾಗಾರದ ಕಾಲೊನಿಯಲ್ಲಿ ಅಡುಗೆ ಕೆಲಸ ಮಾಡಿ ಮಗನನ್ನು ಓದಿಸಿದವರು. ಚೈತ್ರಾ ಒಂದೇ ಮಾತು ಹೇಳಿಬಿಟ್ಟಳು: "ಅವರು ಬರದೆ ನಾನು ಸಹಿ ಹಾಕಲ್ಲ ದೊಡ್ಡಮ್ಮ. ಆಮೇಲೆ ಜೀವನಪೂರ್ತಿ ಅವರ ಮುಖ ಹೇಗೆ ನೋಡಲಿ?"

ನನ್ನ ಬಾಳಸಂಗಾತಿ ಸದಾಶಿವ ('ಯಜಮಾನರು' ಎಂಬ ಗುಲಾಮಗಿರಿಯ ಪದ ನಮ್ಮ ಮನೆಯಲ್ಲಿ ನಿಷಿದ್ಧ) ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಅವನು ಪೇಪರಿನಿಂದ ತಲೆ ಎತ್ತದೆಯೇ ಹೇಳಿದ:

"ಅದು ಮಂಜಲ್ಲ ಮಾರಾಯ್ತಿ, ಬೇಜಾರು. ಮಗ ಓಲಗ ಇಲ್ಲದೆ ಮದ್ವೆ ಆಗ್ತಿದಾನೆ ಅಂತ."

"ಅವರು ಮಂಜು ಎಂದಿದ್ದಾರೆ. ಒಬ್ಬ ಹೆಣ್ಣುಮಗಳು ಹೇಳಿದ್ದನ್ನು ಹೇಳಿದಂತೆಯೇ ನಂಬುವುದು ಆಕೆಗೆ ಸಲ್ಲಿಸುವ ಕನಿಷ್ಠ ಗೌರವ. ಮಂಜಿನ ಸಮಸ್ಯೆಯನ್ನು ನಾನು ಪರಿಹರಿಸುತ್ತೇನೆ."

"ಪರಿಹರಿಸು. ಬೇಜಾರಿಗೂ ಒಂದು ಲೈಟ್ ಸಿಗುತ್ತಾ ಕೇಳು ಅಂಗಡೀಲಿ."

ನಾನು ಸಾವಿತ್ರಮ್ಮನವರಿಗೆ ಫೋನು ಮಾಡಿ ಘೋಷಿಸಿದೆ: "ನಾನೇ ಗಾಡಿ ತಂದು ಕರೆದುಕೊಂಡು ಹೋಗುತ್ತೇನೆ. ಮಂಜಿನಲ್ಲೂ ಹಗಲಿನಂತೆ ದಾರಿ ಕಾಣುವ ವ್ಯವಸ್ಥೆ ಇರುತ್ತದೆ. ಇದು ನನ್ನ ವಾಗ್ದಾನ." ಆ ಕಡೆ ಏನೋ ಪಾತ್ರೆ ಸರಿಸಿದ ಸದ್ದು. ಆಮೇಲೆ, "ನೋಡಾಣ, ಬನ್ನಿ" ಎಂದರು. ನೆಪ ಹೇಳಿದವರಿಗೆ ನೆಪವನ್ನೇ ಕಿತ್ತುಕೊಂಡರೆ ಬೇರೆ ದಾರಿಯಾದರೂ ಏನು!

ಬಿಡಿಭಾಗಗಳ ಅಂಗಡಿಯಲ್ಲಿ ಮೊದಲ ಅನ್ಯಾಯ ಎದುರಾಯಿತು.

"ಸಾರ್ ಬರ್ಲಿಲ್ವಾ ಮೇಡಂ?"

"ಯಾವ ಸಾರ್?"

"ಅದೇ, ಗಾಡಿ ಸಾರ್."

"ಗಾಡಿ ನನ್ನದು. ಓಡಿಸುವವಳೂ ನಾನು. ಹೆಣ್ಣು ದೀಪ ಹಚ್ಚಬಹುದು, ಆದರೆ ದೀಪ ಕೊಳ್ಳಬಾರದು ಎಂಬುದು ಯಾವ ನ್ಯಾಯ?"

"ಅಯ್ಯೋ ಕೊಳ್ಳಿ ಮೇಡಂ, ಯಾರು ಬ್ಯಾಡ ಅಂದ್ರು? ಇಗ, ಇದು ಸಣ್ಣದು, ಹಳದಿ ಬೆಳಕು. ಲೇಡೀಸಿಗೆ ಇಷ್ಟು ಸಾಕು."

ಲೇಡೀಸಿಗೆ ಇಷ್ಟು ಸಾಕು! ಶತಮಾನಗಳಿಂದ ಅನ್ನದಲ್ಲಿ, ಆಸ್ತಿಯಲ್ಲಿ, ಅಕ್ಷರದಲ್ಲಿ ನಮಗೆ ಹೇಳುತ್ತ ಬಂದಿರುವ ಮಾತು! ನಾನು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ, ಎಲ್ಲಕ್ಕಿಂತ ಬಿಳಿಯ ದೀಪವನ್ನು ಕೊಂಡು ಹೊರಬಂದೆ. ಅದು ನನಗಿಂತ ಸ್ವಲ್ಪವೇ ಕುಳ್ಳಗಿತ್ತು.

ಮನೆಯಲ್ಲಿ ಎರಡನೆಯ ಚರ್ಚೆ.

"ಮಂಜಿಗೆ ಲೈಟು ಕೆಳಗಿರಬೇಕು. ಬಂಪರ್ ಹತ್ರ," ಎಂದ ಸದಾಶಿವ.

"ಕೆಳಗಿದ್ದರೆ ಶಾಲೆಗೆ ನಡೆದು ಹೋಗುವ ಮಕ್ಕಳ ಕಣ್ಣಿಗೆ ನೇರ ಬಡಿಯುತ್ತದೆ. ಮಾಡಿನ ಮೇಲಿಟ್ಟು, ತಲೆ ಬಗ್ಗಿಸಿದರೆ ಬೆಳಕು ನೆಲಕ್ಕೆ ಮಾತ್ರ. ಅದು ವಿನಯವಂತ ದೀಪ."

"ವಿನಯ ಇರ್ಲಿ, ದಾರಿ ಕಾಣುತ್ತಾ?"

ಗಣಿತದವರಿಗೆ ನೈತಿಕ ಕಲ್ಪನೆ ಕಡಿಮೆ. ಮಾಡಿನ ಮೇಲೆ ಇಂಥ ದೀಪ ಹೊತ್ತಿಸಿ ರಸ್ತೆಯಲ್ಲಿ ಓಡಾಡುವುದು ನಿಯಮಕ್ಕೆ ವಿರುದ್ಧವೆಂದು ನಮ್ಮ ಊರಿಗೇ ಪ್ರಚಾರ ಮಾಡಿದವಳು ನಾನು. ಆದ್ದರಿಂದ ನನಗೆ ನಾನೇ ಷರತ್ತುಗಳನ್ನು ವಿಧಿಸಿಕೊಂಡೆ. ದಟ್ಟ ಮಂಜಿನಲ್ಲಿ ಮಾತ್ರ. ಎದುರಿಗೆ ವಾಹನ ಇಲ್ಲದಾಗ ಮಾತ್ರ. ಉಳಿದ ಹೊತ್ತಿನಲ್ಲಿ ದೀಪದ ಮೇಲೆ ಕ್ಯಾನ್ವಾಸಿನ ಮುಸುಕು. ಷರತ್ತು ವಿಧಿಸಿದವಳೂ ನಾನೇ, ಒಪ್ಪಿದವಳೂ ನಾನೇ ಆದ್ದರಿಂದ ಒಪ್ಪಂದ ಬೇಗ ಏರ್ಪಟ್ಟಿತು.

ಅಂಗಡಿಯವರು ಕೊಟ್ಟ ಸಿದ್ಧ ಸ್ಟ್ಯಾಂಡುಗಳನ್ನು ಹಾಕಬೇಕಾದರೆ ಮಾಡಿಗೆ ತೂತು ಕೊರೆಯಬೇಕಿತ್ತು. ಮಲೆನಾಡಿನ ಮಳೆಗೆ ತೂತು ಕೊರೆದು ಕೊಡುವುದೆಂದರೆ ನೆಂಟರನ್ನು ಕರೆದು ಬೀಗದ ಕೈ ಕೊಟ್ಟಂತೆ. ನಮ್ಮದು ಹಳೆಯ ಎಸ್‌ಯುವಿ. ಮಾಡಿನ ಎರಡೂ ಬದಿಗೆ ನೀರು ಹರಿಯುವ ಅಂಚಿದೆ. ಆ ಅಂಚನ್ನೇ ಹಿಡಿದುಕೊಳ್ಳುವ ಕ್ಲಾಂಪು, ಅದರ ಮೇಲೆ ಕಾಲು, ಕಾಲಿನ ಮೇಲೆ ದೀಪ. ನಾನು ಗ್ರಾಫ್ ಹಾಳೆಯಲ್ಲಿ ಚಿತ್ರ ಬರೆದೆ. ರಟ್ಟು ಕತ್ತರಿಸಿ ಅಚ್ಚು ಮಾಡಿದೆ. ಕಬ್ಬಿಣದ ಪಟ್ಟಿ ತಂದು, ನೆರೆಮನೆಯ ಗಜಣ್ಣನ ಗ್ರೈಂಡರ್ ಎರವಲು ಪಡೆದು, ಕಿಡಿ ಹಾರಿಸುತ್ತ ಅಂಗಳದಲ್ಲಿ ಕುಳಿತೆ. ಕಾಂಪೌಂಡಿನಾಚೆ ಗಜಣ್ಣ ಕಾಫಿ ಲೋಟ ಹಿಡಿದು ನಿಂತಿದ್ದರು.

"ವಸುಧಕ್ಕ, ಬೆರಳು ಎಲ್ಲಾ ಇದಾವಲ್ಲ?"

"ಇವೆ. ಮಹಿಳೆಗೆ ಯಂತ್ರ ಬಾರದು ಎಂಬುದು ಪೂರ್ವಗ್ರಹ ಗಜಣ್ಣ."

"ಹೌದೌದು. ನೈಟಿ ಅಂಚಿಗೆ ಕಿಡಿ ಹತ್ತಿದೆ, ಅದಕ್ಕೆ ಕೇಳ್ದೆ!"

ಸಂಜೆಯ ಹೊತ್ತಿಗೆ ಕಾಲುಗಳು ಸಿದ್ಧವಾದವು. ಅಳತೆ ಸರಿ. ಕ್ಲಾಂಪು ಸರಿ. ಆದರೆ ಮಾಡು ನಡುವೆ ಉಬ್ಬಿರುತ್ತದೆಂಬುದನ್ನು ನನ್ನ ಗ್ರಾಫ್ ಹಾಳೆ ತಿಳಿಸಿರಲಿಲ್ಲ. ಅಡ್ಡಪಟ್ಟಿ ಆ ಉಬ್ಬಿನ ಮೇಲೆ ಕುಳಿತು, ದೀಪ ಏತದಂತೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತೂಗತೊಡಗಿತು. ನನ್ನ ರಾಜಕೀಯ ನಿಲುವಿನಲ್ಲಿ ಎಂದೂ ಕಾಣದ ಚಂಚಲತೆ!

ಹೀಗಾಗಿ ನಾನು ವೆಲ್ಡಿಂಗ್ ಅಂಗಡಿಯ ಬಾಬಣ್ಣನ ಬಳಿ ಹೋಗಬೇಕಾಯಿತು. ಬಾಬಣ್ಣ ಜೀವಮಾನವಿಡೀ ಜೀಪುಗಳಿಗೆ ಕ್ಯಾರಿಯರ್ ಮಾಡಿಕೊಟ್ಟವನು. ನನ್ನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಮೇಡಂ, ಎರಡು ಕಾಲಿನ ಮೇಲೆ ಯಾರಾದ್ರೂ ಇಷ್ಟುದ್ದದ್ದು ನಿಲ್ಲಿಸ್ತಾರಾ? ಗಾಳಿಗೆ ಹಾರ್ತದೆ. ಹಿಂದಕ್ಕೊಂದು ಸಪೋರ್ಟ್ ಬೇಕು."

ಒಪ್ಪಿದೆ. ಮಧ್ಯಾಹ್ನ ಫೋನು: "ಸಪೋರ್ಟಿಗೆ ಇನ್ನೆರಡು ಕಾಲು ಬೇಕು ಮೇಡಂ." ಒಪ್ಪಿದೆ. ಮತ್ತೆ ಫೋನು: "ಕಾಲುಗಳನ್ನ ಸುಮ್ನೆ ಬಿಟ್ರೆ ಚೆಂದ ಕಾಣದಿಲ್ಲ, ಸುತ್ತ ಒಂದು ಕಂಬಿ ಓಡಿಸ್ಲಾ?" ಅಂದು ಆಡಳಿತದ ವಿಕೇಂದ್ರೀಕರಣದ ಮೇಲೆ ಪಾಠ ಮಾಡುತ್ತಿದ್ದೆ. ಅಧಿಕಾರವನ್ನು ಕೆಳಹಂತಕ್ಕೆ ವರ್ಗಾಯಿಸುವುದು ಒಳ್ಳೆಯದೆಂದು ಒಪ್ಪಿಬಿಟ್ಟೆ. ಸಂಜೆ ಹೋಗಿ ನೋಡುತ್ತೇನೆ, ಮುಂಭಾಗದಿಂದ ಹಿಂಬಾಗಿಲಿನವರೆಗೆ ಇಡೀ ಮಾಡನ್ನು ಆಕ್ರಮಿಸಿದ ಹಸಿರು ಬಣ್ಣದ ಕಬ್ಬಿಣದ ತೊಟ್ಟಿಲು! ಅದರ ಹಣೆಯಲ್ಲಿ, ಏನೋ ಮರೆತು ಇಟ್ಟುಹೋದಂತೆ, ನನ್ನ ದೀಪ.

"ಬಾಬಣ್ಣ, ಇದು ಕ್ಯಾರಿಯರ್!"

"ಲೈಟ್ ಸ್ಟ್ಯಾಂಡೇ ಮೇಡಂ. ಹಿಂದೆ ಸ್ವಲ್ಪ ಜಾಸ್ತಿ ಆಗಿದೆ ಅಷ್ಟೆ."

ಬಿಚ್ಚಿಸಿ ಮಾಡಿಸಲು ಸಮಯವಿರಲಿಲ್ಲ. ವೇಗವಾಗಿ ಓಡಿಸಿದರೆ ಆ ಚೌಕಟ್ಟು ಗಾಳಿಗೆ ಊಳಿಡುತ್ತಿತ್ತು. ಪರೀಕ್ಷಾರ್ಥ ಸವಾರಿಯಲ್ಲಿ ಬೀದಿಯ ನಾಯಿಗಳೆಲ್ಲ ತಮ್ಮವರು ಬಂದರೆಂದು ಹಿಂದೆ ಓಡಿಬಂದವು. ಸದಾಶಿವ ಕಂಬಿಗಳಿಗೆಲ್ಲ ತೆಂಗಿನ ಹುರಿ ಸುತ್ತಿ ಊಳು ನಿಲ್ಲಿಸಿದ. ಅಲ್ಲಿಗೆ, ಕ್ಯಾರಿಯರ್ ಎನ್ನಲು ಎಲ್ಲೋ ಒಂದಿಷ್ಟು ಅನುಮಾನವಿದ್ದರೆ ಅದೂ ಪರಿಹಾರವಾಯಿತು.

ಮದುವೆಯ ದಿನ ಬೆಳಕು ಹರಿಯುವಾಗ ಹೊರಟೆವು. ನಮ್ಮ ಕಡೆ ಒಂದು ಪದ್ಧತಿಯಿದೆ. ಯಾರ ಗಾಡಿ ಯಾವ ಕಡೆ ಹೊರಟರೂ ಅದರಲ್ಲೊಂದು ಚೀಲ ಕೊಟ್ಟು ಕಳಿಸಬೇಕು. ಔಷಧದಿಂದ ಹಿಡಿದು ಹಲಸಿನ ಹಣ್ಣಿನವರೆಗೆ ಊರೂರು ಸುತ್ತುವುದು ಹೀಗೆಯೇ. ಬೇಡ ಎಂದವರ ಮಾತು ಮೂರು ತಾಲ್ಲೂಕಿಗೆ ಹಬ್ಬುತ್ತದೆ. ಗೇಟು ದಾಟುವ ಮೊದಲೇ ಗಜಣ್ಣ ಒಂದು ಬಾಳೆಗೊನೆ ಏರಿಸಿದರು.

"ಗಜಣ್ಣ, ಅದು ದೀಪದ ಚೌಕಟ್ಟು."

"ಮದ್ವೆ ಮನೆಗೆ ಖಾಲಿ ಕ್ಯಾರಿಯರ್ ಹೋಗ್ತದಾ ವಸುಧಕ್ಕ?"

ಜೋಗದಲ್ಲಿ ಸಾವಿತ್ರಮ್ಮ ಹೊಸ ಸೀರೆ ಉಟ್ಟು, ಮುಖ ಬಿಗಿದುಕೊಂಡು, ಕಾಲೊನಿಯ ಗೇಟಿನಲ್ಲಿ ನಿಂತಿದ್ದರು. ಪಕ್ಕದಲ್ಲಿ ಒಂದು ತಾಮ್ರದ ಹಂಡೆ. ಸಣ್ಣಪುಟ್ಟದ್ದಲ್ಲ, ಒಬ್ಬರು ಆರಾಮವಾಗಿ ಒಳಗೆ ಕೂರಬಹುದಾದದ್ದು. ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿದ್ದರು.

ನನ್ನೊಳಗಿನ ಹೋರಾಟಗಾರ್ತಿ ಎಚ್ಚೆತ್ತಳು. "ಸಾವಿತ್ರಮ್ಮನವರೇ, ಇದು ಸರಳ ವಿವಾಹ. ಕೊಡುವುದು, ತೆಗೆದುಕೊಳ್ಳುವುದು ಏನೂ ಇಲ್ಲ. ವರದಕ್ಷಿಣೆ ಎಂಬ ಪಿಡುಗು..."

"ಇದು ವರದಕ್ಷಿಣೆ ಅಲ್ಲ ಮೇಡಮ್ಮ. ಬಚ್ಚಲಿಗೆ ಹಂಡೆ."

"ಆದರೂ ತಾತ್ವಿಕವಾಗಿ..."

"ಆ ಹುಡುಗಿ ಮಳೆಗಾಲದಾಗೆ ಬಿಸಿನೀರು ಕಾಸದು ಯಾತ್ರಲ್ಲಿ? ತತ್ವದಲ್ಲಾ?" ಎಂದರು ಸಾವಿತ್ರಮ್ಮ. "ಹಂಡೆ ಬಂದ್ರೆ ನಾ ಬರ್ತೀನಿ. ಕ್ಯಾರಿಯರ್ ಇದ್ಯಲ್ಲ, ಎಂತ ತೊಂದ್ರೆ?"

ಸದಾಶಿವ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಬೇಜಾರು ಕರಗ್ತಿದೆ. ಸುಮ್ನಿರು." ಕಾಲೊನಿಯ ಯುವಕರು ಹಂಡೆಯನ್ನು ಮೇಲೇರಿಸಿದರು. ಅದಕ್ಕೆ ಪೆಟ್ಟಾಗದಿರಲೆಂದು ಅಡಿಗೆ ನನ್ನ ಕ್ಯಾನ್ವಾಸಿನ ಮುಸುಕನ್ನೇ ಹಾಸಿದರು. ಜಗ್ಗದಿರಲೆಂದು ಹುರಿಹಗ್ಗವನ್ನು ಮುಂದಕ್ಕೆ ತಂದು, ಬಾನೆಟ್ಟಿನ ಮೇಲೆ ಹಾಯಿಸಿ, ಬಂಪರಿಗೆ ಬಿಗಿದರು. ನಮ್ಮ ಗಾಡಿ ಮೂಗುದಾರ ಹಾಕಿದ ಎಮ್ಮೆಯಂತೆ ಹೊರಟಿತು.

ಮತ್ತೆ ಸಾಗರ ಹಾಯ್ದು ಹೊಸನಗರದ ದಾರಿ ಹಿಡಿದಾಗ ಜಿಟಿಜಿಟಿ ಮಳೆ. ಹೊಸನಗರ ಇನ್ನೇನು ಬಂತು ಎನ್ನುವಲ್ಲಿ ಮಂಜು ಇಳಿಯಿತು. ನಿಜವಾದ ಮಂಜು! ಒಂದು ಗಳಿಗೆ ನನಗೆ ಸಂತೋಷವೇ ಆಯಿತು. ಗಾಡಿ ನಿಧಾನಿಸಿ, ಎದುರು ಯಾವ ವಾಹನವೂ ಇಲ್ಲವೆಂದು ಖಚಿತಪಡಿಸಿಕೊಂಡು, ಗಂಟಲು ಸರಿಪಡಿಸಿಕೊಂಡೆ.

"ಸಾವಿತ್ರಮ್ಮನವರೇ, ನಿಮಗೆ ಕೊಟ್ಟ ಮಾತಿನಂತೆ..." ಎಂದು ದೀಪದ ಗುಂಡಿ ಒತ್ತಿದೆ.

ಲೋಕ ಮಾಯವಾಯಿತು.

ರಸ್ತೆ, ಮರ, ಚರಂಡಿ, ಕೊನೆಗೆ ನಮ್ಮದೇ ಬಾನೆಟ್ಟು, ಎಲ್ಲವೂ ಹಾಲಿನಲ್ಲಿ ಮುಳುಗಿದವು. ನೆತ್ತಿಯಿಂದ ಹೊರಟ ವಿನಯವಂತ ಬೆಳಕು ಮಂಜಿಗೆ ಬಡಿದು, ಸುಣ್ಣ ಬಳಿದ ಗೋಡೆಯಿಂದೆಂಬಂತೆ ನೇರ ನಮ್ಮ ಕಣ್ಣಿಗೇ ಬಂತು. ಪರರ ಕಣ್ಣು ಕುಕ್ಕಬಾರದೆಂದು ನಾನು ವಹಿಸಿದ್ದ ಎಚ್ಚರಿಕೆ ನೂರಕ್ಕೆ ನೂರು ಸಫಲವಾಗಿತ್ತು. ಕುಕ್ಕಿದ್ದು ನಮ್ಮದು ಮಾತ್ರ!

"ಲೈಟ್ ಆರ್ಸೇ ಮಾರಾಯ್ತಿ!" ಸಾವಿತ್ರಮ್ಮ 'ಮೇಡಮ್ಮ' ಎನ್ನುವುದನ್ನು ಬಿಟ್ಟು ಏಕವಚನಕ್ಕೆ ಇಳಿದರು.

ಗಾಬರಿಯಲ್ಲಿ ಗುಂಡಿಯನ್ನು ಎಳೆದೆ. ಗುಂಡಿ ಕೈಗೆ ಬಂತು. ದೀಪ ಅಲ್ಲೇ ಉರಿಯುತ್ತಿತ್ತು.

ಸದಾಶಿವ ಕೆಳಗಿಳಿದ. ಫ್ಯೂಸ್ ಕೀಳೋಣವೆಂದರೆ ಅದು ಬಾನೆಟ್ಟಿನೊಳಗೆ. ಬಾನೆಟ್ಟು ತೆರೆಯೋಣವೆಂದರೆ ಅದರ ಮೇಲೆ ಹಗ್ಗ. ಹಗ್ಗ ಬಿಚ್ಚೋಣವೆಂದರೆ ಮಳೆಗೆ ನೆನೆದ ಹುರಿ ಉಬ್ಬಿ ಗಂಟು ಕಲ್ಲಾಗಿತ್ತು. ಕತ್ತರಿಸೋಣವೆಂದರೆ ಹಂಡೆ ಉರುಳುತ್ತದೆ. ಮೇಲಿನ ತಂತಿ ಕೀಳೋಣವೆಂದರೆ ಅದು ಹಂಡೆಯ ಅಡಿ. ಮುಸುಕು ಹಾಕೋಣವೆಂದರೆ ಅದೂ ಹಂಡೆಯ ಅಡಿ!

"ಹಂಡೆ ಮುಟ್ಟಬ್ಯಾಡಿ," ಎಂದರು ಸಾವಿತ್ರಮ್ಮ ಒಳಗಿನಿಂದ. "ನಂಗೆ ಮದ್ವೆನೂ ಬ್ಯಾಡ, ಎಂತದೂ ಬ್ಯಾಡ. ವಾಪಸ್ ಜೋಗಕ್ಕೆ ಬಿಡಿ."

ಅಲ್ಲಿ ಚೈತ್ರಾ ಕಚೇರಿಯ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿರುತ್ತಾಳೆ. ಇವರು ಹಿಂದಿರುಗಿದರೆ ಅವಳು ಸಹಿ ಹಾಕುವುದಿಲ್ಲ. ಇಂದು ತಪ್ಪಿದರೆ ಈ ಬಿಗಿದ ಮುಖ ಮತ್ತೆ ಸಡಿಲವಾಗುವುದು ಯಾವಾಗಲೋ. ಸೋಲೊಪ್ಪುವ ಪ್ರಶ್ನೆಯೇ ಇಲ್ಲ! ಡಿಕ್ಕಿಯಲ್ಲಿ ನಮ್ಮ ವೇದಿಕೆಯ ಬಟ್ಟೆಯ ಬ್ಯಾನರ್ ಮಡಿಸಿಟ್ಟಿತ್ತು. ಬಾಗಿಲ ಅಂಚಿನ ಮೇಲೆ ಕಾಲಿಟ್ಟು ಏರಿ, ಅದನ್ನು ದೀಪದ ಮುಂದೆ ಕಟ್ಟಿದೆ. ಬೆಳಕು ಅರ್ಧಕ್ಕರ್ಧ ತಗ್ಗಿತು. ಕೆಳಗಿಳಿದು ನೋಡುತ್ತೇನೆ, ಮಂಜಿನ ನಡುವೆ ಒಳಗಿನಿಂದ ಜಗಜಗಿಸುವ ಕೆಂಪು ಅಕ್ಷರಗಳು: "ಕಣ್ಣು ಕುಕ್ಕುವ ದೀಪ ಆರಿಸಿ, ಮಾನವೀಯತೆ ಬೆಳಗಿಸಿ!"

ಅದೇ ವೇಳೆಗೆ ಹಿಂದಿನಿಂದ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸು ಮೆಲ್ಲಗೆ ಬಂದು ನಿಂತಿತು. ಕಂಡಕ್ಟರ್ ತಲೆ ಹೊರಹಾಕಿದ.

"ಎಂತ, ಮೀಟಿಂಗಾ?" ಎಂದವನು ಒಳಗೆ ಇಣುಕಿ, "ಅರೆ, ಸಾವಿತ್ರಕ್ಕ! ನಮ್ಮ ಪ್ರಕಾಶನ ಮದ್ವೆ ಇವತ್ತಲ್ದಾ? ಇಲ್ಲೆಂತ ಮಾಡ್ತಿದೀರಿ?"

ಅವನು ಶೇಖರ. ಜೋಗದ ಕಾಲೊನಿಯಲ್ಲಿ ಇವರ ಕೈಯ ಅನ್ನ ಉಂಡು ಬೆಳೆದವನು.

"ನೋಡಾ ಶೇಖರ, ಇವ್ರು ದೀಪ ಹಚ್ಚಿ ದಾರಿ ಮುಚ್ಚಿದಾರೆ."

"ಹತ್ತಿ ಹತ್ತಿ. ಮಗನ ಮದ್ವೆಗೆ ತಾಯಿ ಇಲ್ದೆ ಆಗ್ತದಾ? ಮುಂದಿನ ಸೀಟ್ ಕೊಡ್ತೀನಿ."

ಸಾವಿತ್ರಮ್ಮ ಅರೆಗಳಿಗೆ ಯೋಚಿಸಿದರು. ಜೋಗದ ದಿಕ್ಕನ್ನೊಮ್ಮೆ ನೋಡಿದರು. ಆಮೇಲೆ ಸೀರೆ ಎತ್ತಿ ಹಿಡಿದು, ನನಗೆ "ಹಂಡೆ ಜ್ವಾಪಾನ" ಎಂದು ಅಪ್ಪಣೆ ಕೊಟ್ಟು ಬಸ್ಸು ಹತ್ತಿದರು. ಯಾವ ಮಂಜಿನ ಭಯ ನಿವಾರಿಸಲು ನಾನು ದಿನವಿಡೀ ಕಬ್ಬಿಣ ಕೊಯ್ದೆನೋ, ಅದೇ ಮಂಜಿನೊಳಗೆ ಅವರು ಕಿಟಕಿ ಪಕ್ಕ ಕುಳಿತು ಹೊರಟುಹೋದರು. ನಾವು ಬಸ್ಸಿನ ಹಿಂದಿನ ಕೆಂಪು ದೀಪವನ್ನು ನೋಡಿಕೊಂಡು, ನಮ್ಮ ಘೋಷಣೆಯನ್ನು ಬೆಳಗಿಸಿಕೊಂಡು, ಹಿಂಬಾಲಿಸಿದೆವು.

ತೀರ್ಥಹಳ್ಳಿ ಹತ್ತಿರವಾದಂತೆ ಮಂಜು ಹರಿಯಿತು. ದೀಪ ಆರಲಿಲ್ಲ. ಪೇಟೆಯ ಬಾಗಿಲಲ್ಲಿ ಪೊಲೀಸರೊಬ್ಬರು ಕೈ ತೋರಿಸಿದರು. ಬಸ್ಸು ಮುಂದೆ ಹೋಯಿತು. ಅವರು ಬ್ಯಾನರನ್ನು ಗಟ್ಟಿಯಾಗಿ ಓದಿ, ಮುಖವರಳಿಸಿ ಹೇಳಿದರು:

"ಒಳ್ಳೆ ಕೆಲ್ಸ ಮೇಡಂ! ಜಾಗೃತಿ ಜಾಥಾನಾ? ಹೋಗಿ, ಹೋಗಿ."

ಸದಾಶಿವ ನನ್ನ ತೊಡೆ ಚಿವುಟಿದ. ಹೋಗಬಹುದಿತ್ತು. ಆದರೆ ಸುಳ್ಳು ಪ್ರಶಂಸೆಯನ್ನು ಸ್ವೀಕರಿಸುವುದೂ ಭ್ರಷ್ಟಾಚಾರದ ಒಂದು ಬಗೆಯೇ ಅಲ್ಲವೇ?

"ಇದು ಜಾಥಾ ಅಲ್ಲ," ಎಂದೆ. "ಇದು ಅಪರಾಧ."

"ಎಂತ?"

"ಬ್ಯಾನರಿನ ಹಿಂದೆ ನಿಷಿದ್ಧ ದೀಪವಿದೆ. ಉರಿಯುತ್ತಲೂ ಇದೆ. ನನ್ನ ಮೇಲೆ ಪ್ರಕರಣ ದಾಖಲಿಸಿ."

"ಬ್ಯಾಡ ಬಿಡಿ ಮೇಡಂ. ತೆಗ್ಸಿ ಬಿಡಿ."

"ಹಾಗೆ ಬಿಡುವುದು ತಾರತಮ್ಯ. ಒಬ್ಬ ಬಡ ಆಟೋ ಚಾಲಕನಾಗಿದ್ದರೆ ಬಿಡುತ್ತಿದ್ದಿರಾ? ಕಾನೂನಿನ ಮುಂದೆ ಎಲ್ಲರೂ ಸಮಾನರು."

ಅವರು ಸದಾಶಿವನ ಕಡೆ ತಿರುಗಿದರು. "ಇವ್ರು ಯಾವಾಗ್ಲೂ ಹಿಂಗೇನಾ ಸಾರ್?"

"ಇವತ್ತು ಸ್ವಲ್ಪ ಕಮ್ಮಿ," ಎಂದ ಸದಾಶಿವ.

ಪಾಪ, ನನ್ನ ಒತ್ತಾಯ ತಾಳಲಾರದೆ ಅವರು ದಂಡದ ಯಂತ್ರ ತೆಗೆದರು. ಅದಕ್ಕೆ ನೆಟ್‌ವರ್ಕ್ ಇಲ್ಲ. ರಸ್ತೆಯ ಆಚೆ ಹೋಗಿ ಹಿಡಿದರು. ಅಲ್ಲೂ ಇಲ್ಲ. ನಾನು ಕೊಡೆ ಹಿಡಿದು, ನನ್ನ ಶಿಕ್ಷೆಯ ಹಿಂದೆ ಹಿಂದೆಯೇ ನಡೆದೆ. ಅಷ್ಟರಲ್ಲಿ ಚೈತ್ರಾಳ ಫೋನು.

"ದೊಡ್ಡಮ್ಮ, ಎಲ್ಲಿದ್ದೀರಿ? ನಮ್ಮನ್ನ ಕರೀತಿದಾರೆ! ಸಾಹೇಬ್ರಿಗೆ ಬೇರೆ ಮೀಟಿಂಗ್ ಇದ್ಯಂತೆ!"

"ಪೊಲೀಸರ ಜೊತೆ ಇದ್ದೇನೆ ಮಗಳೇ. ಬಿಡುತ್ತೇನೆ ಎನ್ನುತ್ತಿದ್ದಾರೆ, ನಾನು ಒಪ್ಪುತ್ತಿಲ್ಲ!"

ಕೊನೆಗೂ ಯಂತ್ರ ಕಿರ್ರೆಂದು ಚೀಟಿ ಹೊರಹಾಕಿತು. ನ್ಯಾಯ ಗೆದ್ದಿತು. ಪೊಲೀಸರು ನಿಟ್ಟುಸಿರಿಟ್ಟರು. ನಾವು ನೋಂದಣಿ ಕಚೇರಿಗೆ ಧಾವಿಸಿದೆವು.

ನಾನು ಏದುಸಿರು ಬಿಡುತ್ತ ಒಳನುಗ್ಗಿದಾಗ ಚೈತ್ರಾ ಬಾಗಿ ಸಾವಿತ್ರಮ್ಮನವರ ಕಾಲು ಮುಟ್ಟುತ್ತಿದ್ದಳು. ಸಾವಿತ್ರಮ್ಮ ಅವಳ ಗಲ್ಲ ಹಿಡಿದು ಅಳುತ್ತಿದ್ದರು. ಬೆಳಗಿನಿಂದ ಬಿಗಿದಿದ್ದ ಆ ಮುಖವನ್ನು ಇಷ್ಟು ಸಡಿಲವಾಗಿ ನೋಡಿ ನನ್ನ ಕಣ್ಣೂ ಒದ್ದೆಯಾಯಿತು. ಸಹಿಗಳೆಲ್ಲ ಮುಗಿದಿದ್ದವು. ಹೆಣ್ಣಿನದು, ಗಂಡಿನದು, ಮೂವರು ಸಾಕ್ಷಿಗಳದು. ಮೂರನೆಯ ಸಾಕ್ಷಿಯಾಗಿ, ಟಿಕೆಟಿನ ಚೀಲವನ್ನು ಹೆಗಲಿಂದ ಇಳಿಸದೆಯೇ, ಕಂಡಕ್ಟರ್ ಶೇಖರ ಸಹಿ ಹಾಕಿ, ಪೇಡೆ ತಿಂದು, ಬಸ್ಸಿಗೆ ಹೊತ್ತಾಯಿತೆಂದು ಆಗಲೇ ಓಡಿದ್ದನಂತೆ.

ಅಧಿಕಾರಿಗಳು ಕುರ್ಚಿಯಿಂದ ಏಳುತ್ತ, ಬಾಗಿಲಲ್ಲಿ ಕೆಸರು ಮೆತ್ತಿಕೊಂಡು ತೊಪ್ಪೆಯಾಗಿ ನಿಂತಿದ್ದ ನನ್ನನ್ನು ಕಂಡರು.

"ಇವರು ಯಾರು?"

ನಾನು ಭಾಷಣದ ಮೊದಲ ವಾಕ್ಯಕ್ಕಾಗಿ ಉಸಿರೆಳೆದುಕೊಂಡೆ. ಅಷ್ಟರಲ್ಲಿ ಸಾವಿತ್ರಮ್ಮ ಕಣ್ಣೊರೆಸಿಕೊಂಡು, ಬಹಳ ಪ್ರೀತಿಯಿಂದಲೇ ಪರಿಚಯ ಮಾಡಿಕೊಟ್ಟರು.

"ಇವ್ರಾ? ಹಂಡೆ ತಂದ ಗಾಡಿಯೋರು."

ಜೀವಮಾನವಿಡೀ ಒಬ್ಬರ ತಪ್ಪನ್ನೂ ತಿದ್ದದೆ ಬಿಟ್ಟವಳಲ್ಲ ನಾನು. ಆದರೆ ಇದರಲ್ಲಿ ತಿದ್ದುವಂಥದ್ದು ಏನೂ ಕಾಣಲಿಲ್ಲ. ಕೈಚೀಲವನ್ನು ಸದಾಶಿವನಿಗೆ ಕೊಟ್ಟು, ಹೊರಗೆ ಹೋಗಿ, ಹಗ್ಗ ಬಿಚ್ಚತೊಡಗಿದೆ.